ಪಾಲುಪಟ್ಟಿಯಲ್ಲಿ ಇಲ್ಲದ ತೂತು

ನಮ್ಮ ಓಣಿಯಲ್ಲಿ ಮೂರು ಮನೆ, ಒಂದು ನೀರಿನ ಪೈಪು, ಒಂದು ತೂತು. ಮನೆಗಳಿಗೆ ಖಾತೆ ಇದೆ. ಪೈಪಿಗೆ ಆರ್‌ಆರ್ ನಂಬರಿದೆ. ತೂತಿಗೆ ಮಾತ್ರ ಹೇಳುವವರು ಕೇಳುವವರು ಯಾರೂ ಇಲ್ಲ.

ಒಂದು ಕಾಲಕ್ಕೆ ಇದೆಲ್ಲ ಒಂದೇ ಸೈಟು. ಮುಂದಿನ ಮನೆಯ ಶಿರಸ್ತೇದಾರರ ತಂದೆ ಕಟ್ಟಿಸಿದ ಮನೆ. ಮಕ್ಕಳು ಪಾಲಾದಾಗ ಪಾಲುಪಟ್ಟಿ ಬರೆದ ಪುಣ್ಯಾತ್ಮರು ಹಿತ್ತಲ ತೆಂಗಿನ ಮರ, ಅಟ್ಟದ ಮೇಲಿನ ತಾಮ್ರದ ಹಂಡೆ, ಒರಳುಕಲ್ಲು, ಕೊನೆಗೆ ತುಳಸಿಕಟ್ಟೆಯ ಸುತ್ತಲಿನ ಎರಡಡಿ ಜಾಗವನ್ನೂ ಬಿಡದೆ ಹಂಚಿದರು. ನೆಲದೊಳಗಿನ ಮುಕ್ಕಾಲಿಂಚಿನ ಜಿಐ ಪೈಪನ್ನು ಮರೆತರು. ತಮ್ಮಂದಿರಿಬ್ಬರು ತಮ್ಮ ಪಾಲು ಮಾರಿಕೊಂಡು ಹೋದರು. ನಡುವಿನದನ್ನು ಟೀಚರಮ್ಮ ಕೊಂಡರು, ಕೊನೆಯದನ್ನು ನಾನು. ನನ್ನ ಕ್ರಯಪತ್ರದಲ್ಲಿ, ಶಾಸನಗಳ ಕಾಲದಿಂದ ನಡೆದುಬಂದಂತೆ, ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣ ಆಗಾಮಿ ಸಿದ್ಧ ಸಾಧ್ಯ ಎಂಬ ಅಷ್ಟಭೋಗಗಳೂ ನನಗೆ ಸೇರಿವೆ. ಒಂಬತ್ತನೆಯ ಭೋಗ ಸೋರಿಕೆ. ಅದನ್ನು ಬ್ರೋಕರ್ ಹೇಳಲಿಲ್ಲ.

ಮೊದಲು ಕಂಡದ್ದು ಟೀಚರಮ್ಮನ ಗೋಡೆಯ ಬುಡದಲ್ಲಿ ಅಂಗೈಯಗಲ ಒದ್ದೆ. ನೀರು ಬಿಟ್ಟ ದಿನ ಅದು ಒಸರಿ ಓಣಿಯ ಮೋರಿಗೆ ಇಳಿಯುತ್ತಿತ್ತು. ಇಳಿಯುವ ಜಾಗದಲ್ಲಿ ಬಕೆಟ್ ಇಟ್ಟು ನೋಡಿದೆ. 15 ಲೀಟರ್ ತುಂಬಲು ಏಳು ನಿಮಿಷ. ನಮಗೆ ದಿನ ಬಿಟ್ಟು ದಿನ ಮೂರು ಗಂಟೆ ನೀರು. ಅಂದರೆ ಸರದಿಗೆ 385 ಲೀಟರ್, ತಿಂಗಳಿಗೆ ಹತ್ತಿರ ಹತ್ತಿರ 5,800. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ಮೂರೂ ಮನೆಗೆ ಕೊಟ್ಟೆ. ಎಲ್ಲರೂ ನನ್ನ ಗಣಿತವನ್ನು ಮೆಚ್ಚಿಕೊಂಡರು.

ನೀರಿನ ಆಫೀಸಿಗೆ ದೂರು ಕೊಟ್ಟೆವು. ಅವರು ಮಾರನೆಯ ದಿನವೇ ಬಂದುಬಿಟ್ಟರು. ಬೈಯಲು ಒಂದು ತಿಂಗಳಿಗಾಗುವಷ್ಟು ಮಾತು ಜೋಡಿಸಿಕೊಂಡಿದ್ದ ನಮಗೆ ಇದರಿಂದಾದ ನಿರಾಸೆ ಅಷ್ಟಿಷ್ಟಲ್ಲ. ರಸ್ತೆಯ ಫೆರುಲ್ ನೋಡಿದರು, ಮೀಟರ್ ನೋಡಿದರು, ಒದ್ದೆ ನೋಡಿದರು. "ಮೀಟರಿಂದ ಈಚೆಗೆ ನಿಮ್ದು ಸಾರ್" ಎಂದು ಗಾಡಿ ಹತ್ತಿದರು. ಸರ್ಕಾರ ಕೈಬಿಟ್ಟಿತು ಎಂದು ಟೀಚರಮ್ಮ ಅಂದರು. ಸರ್ಕಾರ ನಮ್ಮನ್ನು ನಮ್ಮ ಕೈಗೇ ಒಪ್ಪಿಸಿ ಹೋಗಿತ್ತು, ಅದು ಇನ್ನೂ ಕಷ್ಟ.

ಇದು ಎಂಥ ನೀರು ಎಂಬುದನ್ನು ಸ್ವಲ್ಪ ನೆನೆಯಬೇಕು. ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಇನ್ನೊಮ್ಮೆ ಪಂಪುಗಳ ಒತ್ತಡಕ್ಕೆ ಸಿಕ್ಕಿ, ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬೆಂಗಳೂರಿಗೆ ಬರುತ್ತದೆ. 1974ರಿಂದ ಹೀಗೇ ಹತ್ತುತ್ತಿದೆ. ಇದಕ್ಕಾಗಿ 1990ರಲ್ಲಿ ನ್ಯಾಯಮಂಡಳಿ ಕೂತಿತು, 2007ರಲ್ಲಿ ಐತೀರ್ಪು ಬಂತು, 2018ರಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಬಾಯಾರಿಕೆಗೆಂದೇ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಇಷ್ಟೆಲ್ಲ ಗೆದ್ದು, ಇಷ್ಟೆಲ್ಲ ಹತ್ತಿ ಬಂದ ಕಾವೇರಿ ನಮ್ಮ ಮನೆ ಬಾಗಿಲಿಗೆ ಇನ್ನು ಎಂಟಡಿ ಇದೆ ಎನ್ನುವಾಗ ಮೋರಿಗೆ ಇಳಿಯುತ್ತಿದ್ದಳು.

ಶಿರಸ್ತೇದಾರರು ಮಾತ್ರ ಆ ತೀರ್ಪನ್ನು ಬೇರೆ ರೀತಿ ಓದಿಕೊಂಡಿದ್ದರು. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಜಲಾನಯನದೊಳಗಿದೆ ಎಂದು ನ್ಯಾಯಮಂಡಳಿ ಹಿಂದೆ ಲೆಕ್ಕ ಹಾಕಿತ್ತಲ್ಲ, ರಿಪೇರಿ ಖರ್ಚು ಹಂಚಲು ಆ ಸೂತ್ರವನ್ನು ಓಣಿಗೆ ತಂದರು. "ನೋಡಿ, ಒದ್ದೆ ನನ್ನ ಕಾಂಪೌಂಡಿಗೆ ತಗಲಿರೋದು ಮೂರರಲ್ಲಿ ಒಂದು ಪಾಲು. ಉಳಿದದ್ದು ನನ್ನ ಕಣಿವೆಯೇ ಅಲ್ಲ." ಆ ಲೆಕ್ಕವನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲವಲ್ಲ ಸಾರ್ ಎಂದೆ. "ಸುಪ್ರೀಂ ಕೋರ್ಟಿಗೆ ಈ ಗೋಡೆ ತೋರಿಸಿಲ್ಲ" ಎಂದರು.

ಟೀಚರಮ್ಮನ ವಾದ ಸರಳ. "ಒದ್ದೆ ನನ್ನ ಗೋಡೆಗೆ, ನೀರು ನಿಮ್ಮ ಮನೆಗೆ. ನಾನು ದುಡ್ಡು ಬೇರೆ ಕೊಡಬೇಕಾ? ನ್ಯಾಯವಾಗಿ ನೀವೇ ನನಗೆ ಸುಣ್ಣ ಬಳಿಸಿಕೊಡಬೇಕು." ಕೊನೆಯ ಮನೆಯವನಾದ ನನ್ನದು ತಮಿಳುನಾಡಿನ ಸ್ಥಿತಿ. ಮೇಲಿನವರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಪತ್ರ ಬರೆಯುವುದು ಮಾತ್ರ ನಿಲ್ಲಿಸುವಂತಿಲ್ಲ.

ಆಮೇಲೆ ಶಿರಸ್ತೇದಾರರು ಕಪಾಟಿನಿಂದ 1882ರ ಈಸ್‌ಮೆಂಟ್ ಕಾಯಿದೆ ತೆಗೆದರು. ಬ್ರಿಟಿಷರು ನಮ್ಮ ಓಣಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದನ್ನು ಬರೆದಂತಿದೆ. 24ನೆಯ ಕಲಮಿನ ಮೊದಲ ಉದಾಹರಣೆಯೇ ಪೈಪು! ಒಬ್ಬನ ಜಮೀನಿನಲ್ಲಿ ಪೈಪು ಹಾಯಿಸಿಕೊಂಡ ಇನ್ನೊಬ್ಬ ರಿಪೇರಿಗಾಗಿ ಒಳಗೆ ಬಂದು ಅಗೆಯಬಹುದು, ಆದರೆ ನೆಲವನ್ನು ಮೊದಲಿದ್ದಂತೆ ಮಾಡಿಕೊಡಬೇಕು. 25ನೆಯ ಕಲಮು: ಖರ್ಚು ಅನುಭೋಗಿಸುವವನದು. ಅನುಭೋಗಿಸುವವನು ಎಂದು ಓದುವಾಗ ಅವರು ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದರು. ಆ ಪೈಪಿನ ಮೇಲೆ ಅವರು ಹಾಸಿಸಿದ್ದ ಹೂವಿನ ಟೈಲ್ಸಿನ ಡಿಸೈನು ಈಗ ಸಿಗುವುದೇ ಇಲ್ಲವಂತೆ. ಆದ್ದರಿಂದ ನೆಲವನ್ನು ಮೊದಲಿದ್ದಂತೆ ಮಾಡುವುದು ಅಸಾಧ್ಯ. ಆದ್ದರಿಂದ ಅಗೆಯುವುದು ಕಾನೂನುಬಾಹಿರ. 142 ವರ್ಷದ ಕಾಯಿದೆ ಒಂದು ಟೈಲಿನ ಮೇಲೆ ಜಾರಿ ಬಿತ್ತು.

2024ರ ಮಾರ್ಚ್ ಬಂತು. ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡುತ್ತಿದ್ದ ಕಾಲ. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಆದೇಶವಾಯಿತು. ಶಿರಸ್ತೇದಾರರು ಗುಲಾಬಿಗೆ ಅಕ್ಕಿ ತೊಳೆದ ನೀರು ಹಾಕತೊಡಗಿದರು. ಟೀಚರಮ್ಮ ಸ್ಕೂಟರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಕಾನೂನಿಗೆ ಎಷ್ಟು ತಲೆಬಾಗುವ ಓಣಿ ನಮ್ಮದು! ಮೂವರೂ ಮಾತಾಡುತ್ತ ನಿಂತಿದ್ದ ಜಾಗದಲ್ಲಿ ನೀರು ಚಪ್ಪಲಿಗೆ ತಾಗಿಕೊಂಡು ಹರಿಯುತ್ತಿತ್ತು. ನಾವು ಪೈಪು ಹಿಡಿದು ಗಿಡಕ್ಕೆ ಬಿಟ್ಟರೆ ದಂಡ. ಪೈಪು ತಾನೇ ಬಿಟ್ಟುಕೊಂಡರೆ ಅದರ ಇಷ್ಟ.

ಇಲ್ಲೊಂದು ತಪ್ಪೊಪ್ಪಿಗೆ. ಓಣಿಯ ತುದಿಯಲ್ಲಿ, ನಮ್ಮ ಬಾಗಿಲ ಪಕ್ಕ ಒಂದು ಕರಿಬೇವಿನ ಗಿಡವಿದೆ. ಆ ಬೇಸಿಗೆಯಲ್ಲಿ ಊರಿನ ಗಿಡಗಳೆಲ್ಲ ಸುಟ್ಟು ನಿಂತಾಗ ಅದು ಮಾತ್ರ ಮದುಮಗಳಂತೆ ನಳನಳಿಸುತ್ತಿತ್ತು. ಯಾಕೆಂದು ನನಗೆ ಗೊತ್ತಿತ್ತು. ನಾನು ಎರಡೂ ಮನೆಗೆ ವಾರಕ್ಕೊಮ್ಮೆ ಕರಿಬೇವು ಕೊಡುತ್ತಿದ್ದೆ. ಅವರೂ ಯಾಕೆಂದು ಕೇಳುತ್ತಿರಲಿಲ್ಲ.

ಸೋರುವ ಪೈಪು ಕೊಡುತ್ತದೆ ಅಷ್ಟೇ ಎಂದುಕೊಂಡಿದ್ದೆವು. ತೆಗೆದುಕೊಳ್ಳುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ನೀರು ನಿಂತ ಮೇಲೆ ಪೈಪು ಖಾಲಿಯಾಗುತ್ತ ಒಳಗೆ ನಿರ್ವಾತ ಹುಟ್ಟುತ್ತದೆ. ಆಗ ಅದೇ ತೂತಿನಿಂದ ಸುತ್ತಲಿನ ಕೆಸರನ್ನು, ಪಕ್ಕದ ಮೋರಿಯ ರಸವನ್ನು ಎಳೆದುಕೊಂಡು ಮರುಸರದಿಗೆ ಸಂಪಿಗೆ ತಂದು ಸುರಿಯುತ್ತದೆ. ಮೊದಲ ಎರಡು ಬಿಂದಿಗೆ ಚಹಾ ಬಣ್ಣ. ಟೀಚರಮ್ಮನ ಮೊಮ್ಮಗುವಿಗೆ ಹೊಟ್ಟೆ ಕೆಟ್ಟಿತು. ಈಗಾದರೂ ತೂತು ಮುಚ್ಚುತ್ತೇವೆ ಎಂದುಕೊಂಡಿರಾ? ಟೀಚರಮ್ಮ ಆರ್‌ಓ ಫಿಲ್ಟರ್ ಹಾಕಿಸಿದರು. ಅದನ್ನು ನೋಡಿ ಶಿರಸ್ತೇದಾರರು ಅದಕ್ಕಿಂತ ಒಂದು ಲೀಟರ್ ದೊಡ್ಡದು ಹಾಕಿಸಿದರು. ನಾನೂ ಕಂತಿನಲ್ಲಿ ತಂದೆ. ಮೂರು ಮನೆ ಸೇರಿ ಸುಮಾರು 45,000 ರೂಪಾಯಿ. ಪ್ಲಂಬರ್ ತೂತಿಗೆ ಕೇಳಿದ್ದು 2,400, ತಲೆಗೆ 800. ಆದರೆ ಫಿಲ್ಟರ್ ನಮ್ಮ ಮನೆಯದು, ನಮ್ಮ ಗೋಡೆಯ ಮೇಲೆ ನೀಲಿ ದೀಪ ಹಚ್ಚಿಕೊಂಡು ಕೂರುತ್ತದೆ. ಆ 800 ಮಣ್ಣಿನೊಳಗೆ ಹೋಗಿ, ಪಕ್ಕದವರಿಗೂ ಉಪಯೋಗವಾಗಿಬಿಡುತ್ತದೆ.

ಕಡೆಗೂ ನಮ್ಮನ್ನು ಎಚ್ಚರಿಸಿದ್ದು ಬಿಲ್ಲು. 2014ರಿಂದ ಏರದೆ ಮಲಗಿದ್ದ ನೀರಿನ ದರ 2025ರ ಏಪ್ರಿಲಿನಲ್ಲಿ ಎದ್ದು ಕೂತಿತು. ಮನೆಗಳಿಗೆ ಏರಿಸಿದ್ದು ಲೀಟರಿಗೆ ಹೆಚ್ಚೆಂದರೆ ಒಂದು ಪೈಸೆ. ಮಗುವಿನ ಹೊಟ್ಟೆನೋವಿಗೆ ಆಗದ ಕೆಲಸ ಪೈಸೆಗೆ ಆಯಿತು.

ಪ್ಲಂಬರ್ ಬೆಳಗಿನ ಐದಕ್ಕೆ, ನೀರು ಬರುವ ಹೊತ್ತಿಗೇ ಬಂದ. ಮೀಟರಿನ ಪಕ್ಕ ಪೈಪಿನ ಮೇಲೆ ಸ್ಪ್ಯಾನರಿನ ಒಂದು ತುದಿ ಇಟ್ಟು, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿದ. ಅಲ್ಲಿಂದ ಮುಂದೆ, ಮತ್ತೆ ಮುಂದೆ. ನಾವು ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಭವಿಷ್ಯ ಕೇಳಲು ಬಂದವರ ಹಾಗೆ. "ಯಾರ ಭಾಗದಲ್ಲಪ್ಪ?" ಎಂದರು ಶಿರಸ್ತೇದಾರರು. "ತೂತು ಹುಡ್ಕೋದು ನನ್ ಕೆಲ್ಸ ಸಾರ್. ಯಾರದು ಅಂತ ಹೇಳೋಕೆ ಬೇರೆ ರೇಟು."

ಅಗೆದ. ಹೂವಿನ ಟೈಲು ಮೂರೇ ಒಡೆದವು. ಒಂದಡಿ ಕೆಳಗೆ ಮೊದಲು ಸಿಕ್ಕಿದ್ದು ಎಂ-ಸೀಲಿನ ಗಡ್ಡೆ. ಅದನ್ನು ಕೆತ್ತಿದರೆ ಬೈಂಡಿಂಗ್ ವೈರಿನಲ್ಲಿ ಬಿಗಿದ ಸೈಕಲ್ ಟ್ಯೂಬು. ಟ್ಯೂಬು ಬಿಚ್ಚಿದರೆ ಅದರೊಳಗೆ ಬಟ್ಟೆಯ ಸುತ್ತು, ಮಣ್ಣು ತಿಂದು ಕಪ್ಪಾಗಿದ್ದರೂ ಅಂಚಿನ ಕೆಂಪು ಉಳಿದಿತ್ತು. ಶಿರಸ್ತೇದಾರರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಇದು ನಮ್ಮ ತಂದೆಯವರ ಪಂಚೆ."

ಪಾಲಾಗುವ ಮೊದಲೇ ಅದು ಸೋರುತ್ತಿತ್ತು. ಆ ಅವಿಭಕ್ತ ಕುಟುಂಬದಲ್ಲಿ ಕೊನೆಯವರೆಗೂ ಅವಿಭಕ್ತವಾಗಿ ಉಳಿದ ಸ್ಥಿರಾಸ್ತಿ ಅದೊಂದೇ. ತೂತು ಇದ್ದದ್ದು ಟೀಚರಮ್ಮನ ಮನೆಗೆ ಕವಲೊಡೆಯುವ ಟೀ ಹತ್ತಿರ, ಅವರ ಮತ್ತು ಶಿರಸ್ತೇದಾರರ ಕಾಂಪೌಂಡ್ ಗೋಡೆಯ ನೇರ ಅಡಿಯಲ್ಲಿ, ನನ್ನ ಮನೆ ಕಡೆಗೆ ಮುಖ ಮಾಡಿಕೊಂಡು. ಇಷ್ಟು ನಿಷ್ಪಕ್ಷಪಾತವಾದ ತೂತನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪೂರ್ತಿ ಲೈನನ್ನೇ ಕಿತ್ತು ಎಚ್‌ಡಿಪಿಇ ಎಳೆದುಬಿಡೋಣ, 9,000 ಆಗುತ್ತೆ, ಹಳೇ ಜಿಐ ಹೊರಗಿಂದ ತುಕ್ಕು ತಿಂದು ಕಾಗದವಾಗಿದೆ ಎಂದ ಪ್ಲಂಬರ್. ಮೂವರೂ ಒಟ್ಟಿಗೆ ತಲೆಯಾಡಿಸಿ ಬೇಡ ಎಂದೆವು. ಎರಡು ವರ್ಷದಲ್ಲಿ ನಾವು ಒಮ್ಮತಕ್ಕೆ ಬಂದದ್ದು ಆಗಲೇ. ಮೂರಡಿ ತುಂಡು ಬದಲಾಯಿಸಿ, ಹೊಸ ಟೀ, ಹೊಸ ಯೂನಿಯನ್ ಹಾಕಿ ಮಣ್ಣು ಮುಚ್ಚಿದ. ಶಿರಸ್ತೇದಾರರು ತಮ್ಮ 800ಕ್ಕೆ ರಸೀದಿ ಬರೆಸಿಕೊಂಡು, ಕೆಳಗೆ 'ನನ್ನ ಹಕ್ಕುಗಳಿಗೆ ಬಾಧಕವಿಲ್ಲದಂತೆ' ಎಂದು ಸೇರಿಸಿ ಸಹಿ ಮಾಡಿದರು. ಪಂಚೆಯ ತುಂಡನ್ನು ತೊಳೆದು ಒಳಗೆ ತೆಗೆದುಕೊಂಡು ಹೋದರು.

ಸಂಪಿಗೆ ನೀರು ಭೋರೆಂದು ಬಿತ್ತು. ಅದೇ ತೊಂದರೆ. ಒಂದು ತೂತು ಮುಚ್ಚಿದರೆ ಅಲ್ಲಿ ಸೋರಿಹೋಗುತ್ತಿದ್ದ ಒತ್ತಡವೆಲ್ಲ ಹಳೇ ಪೈಪಿನ ಮುಂದಿನ ಬಡಕಲು ಜಾಯಿಂಟನ್ನು ಹುಡುಕಿಕೊಂಡು ಹೋಗುತ್ತದೆ. ಹದಿನೆಂಟು ದಿನ ಕಳೆದಿತ್ತು. ಎರಡು ವಾರದಿಂದ ಎಲೆ ಇಳಿಬಿಟ್ಟಿದ್ದ ಕರಿಬೇವು ಅವತ್ತು ಬೆಳಗ್ಗೆ ಕುಡಿಯೊಡೆದು ನಿಂತಿತ್ತು. ಪಕ್ಕಕ್ಕೆ ನೋಡಿದರೆ, ನಿನ್ನೆಯವರೆಗೆ ಬರೀ ಸಿಮೆಂಟ್ ನೆಲವಿದ್ದ ಜಾಗದಲ್ಲಿ ಒಂದು ಸೇವಂತಿಗೆ ಕುಂಡ. ಕುಂಡದ ತಳದ ಸುತ್ತ ತೆಳ್ಳಗೆ ಒದ್ದೆ.

ಶಿರಸ್ತೇದಾರರು ಪೇಪರ್ ತೆಗೆದುಕೊಳ್ಳಲು ಬಂದವರು ಕುಂಡ ನೋಡಿದರು. ರಂಗೋಲಿ ಹಾಕುತ್ತಿದ್ದ ಟೀಚರಮ್ಮನೂ ನೋಡಿದರು. ಕುಂಡ ನಮ್ಮನೆಯದು. ಇಟ್ಟವನು ನಾನಲ್ಲ ಎಂದಷ್ಟೇ ಪ್ರಮಾಣ ಮಾಡಿ ಹೇಳಬಲ್ಲೆ.

"ಹೂವು ಚೆನ್ನಾಗಿದೆ" ಎಂದರು ಶಿರಸ್ತೇದಾರರು.

"ಸುಮ್ನೆ ಒಳಗೆ ಬನ್ನಿ, ಕಾಫಿ ಆರತ್ತೆ" ಎಂದು ನನ್ನ ಹೆಂಡತಿ ಒಳಗಿನಿಂದ ಕೂಗಿದಳು.