44 ಹಲ್ಲು

ನಂಜನಗೂಡಿನವನಾಗಿ ಹಲ್ಲಿನ ವಿಚಾರದಲ್ಲಿ ನಾನು ಮೋಸ ಹೋಗಬಾರದಿತ್ತು. ಊರಿನ ಹೆಸರು ಹೊತ್ತ ಹಲ್ಲುಪುಡಿ ತಿಕ್ಕಿ ತಿಕ್ಕಿ ಬೆಳೆದ ಬಾಯಿ ಇದು. ಆದರೂ ಮೈಸೂರಿಗೆ ಹೋಗಿ, 44 ಹಲ್ಲಿನ ಸ್ಪ್ರಾಕೆಟ್ಟೊಂದನ್ನು ಕೊಂಡು, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಎಂಜಿನ್ನೇ? ಅದಿನ್ನೂ ಗೊತ್ತಾಗಿರಲಿಲ್ಲ. ಹುಡುಗಿ ನೋಡುವ ಮೊದಲೇ ತಾಳಿ ಮಾಡಿಸಿಟ್ಟ ಹಾಗೆ.

ರಿಟೈರಾದ ಮೇಲೆ ನನ್ನ ಮಂಡಿ, ನನ್ನ ಸೈಕಲ್ಲು ಎರಡೂ ಒಂದೇ ರಾಗ ಹಿಡಿದಿದ್ದವು. ಸೈಕಲ್ಲಿಗಾದರೆ ಎಣ್ಣೆ ಬಿಡಬಹುದು. ಆ ಹೊತ್ತಿಗೆ ಸರಿಯಾಗಿ ಹೋಂಡಾ ಕತೆ ಓದಿದೆ. 1946ರಲ್ಲಿ, ಯುದ್ಧದಲ್ಲಿ ಸೋತು ಕೂತ ಜಪಾನಿನಲ್ಲಿ, ಸೋಯಿಚಿರೋ ಹೋಂಡಾ ಸೈನ್ಯದ ರೇಡಿಯೋಗೆ ಕರೆಂಟು ಕೊಡುತ್ತಿದ್ದ ಪುಟ್ಟ ಎಂಜಿನ್ನನ್ನು ಸೈಕಲ್ಲಿಗೆ ಕಟ್ಟಿದರಂತೆ. ಪೆಟ್ರೋಲಿಗೆ ಟ್ಯಾಂಕಿಲ್ಲ, ಶಾಖ ಕೊಡಲು ಬಿಸಿನೀರು ತುಂಬುವ ಕುಪ್ಪಿಯೇ ಟ್ಯಾಂಕು. ಓಡಿಸಿ ನೋಡಲು ಹೆಂಡತಿಯನ್ನೇ ಹತ್ತಿಸಿದರು. ಇದನ್ನು ಮನೆಯಲ್ಲಿ ಉತ್ಸಾಹದಿಂದ ಓದಿ ಹೇಳಿದೆ.

"ಆಯಮ್ಮ ಹತ್ತಿರಬಹುದು, ನಾನು ಹತ್ತಲ್ಲ. ನಮ್ಮನೆ ಬಿಸಿನೀರಿನ ಬ್ಯಾಗು ಮಾತ್ರ ಮುಟ್ಟಬೇಡೀಂದ್ರೆ, ಅದು ನಿಮ್ಮ ಮಂಡಿಗೆ ಬೇಕು" ಎಂದಳು ನನ್ನಾಕೆ.

ಎಂಜಿನ್ನು ಸಿಕ್ಕಿದ್ದು ಟಿ. ನರಸೀಪುರದಲ್ಲಿ. ಭಾವಮೈದನ ತೆಂಗಿನ ತೋಟದಲ್ಲಿ ಕಳೆ ಕೊಚ್ಚುವ ಮಿಷನ್ನೊಂದು ಬಿದ್ದಿತ್ತು. ಅದೂ ಹೋಂಡಾ! ದೈವಸಂಕಲ್ಪ ಎಂದುಕೊಂಡೆ. ನಾಲ್ಕು ಸ್ಟ್ರೋಕಿನದು, 35.8 ಸಿಸಿ, ಪೆಟ್ರೋಲಿಗೆ ಎಣ್ಣೆ ಬೆರೆಸುವ ರಗಳೆ ಇಲ್ಲ. ಆ ರಗಳೆ ನನಗೆ ಹೊಸದೇನಲ್ಲ. ಮೈಸೂರಿನಲ್ಲಿ ಜಾವಾ ತಯಾರಾಗುತ್ತಿದ್ದ ಕಾಲದವನು ನಾನು. ಬೀದಿಯ ಕೊನೆಯಲ್ಲಿ ಆ ನೀಲಿ ಹೊಗೆ ಕಂಡರೆ ಮನೆಗೆ ಬೀಗರು ಬಂದರೆಂದೇ ಲೆಕ್ಕ. ಕಾಫಿಗೆ ನೀರಿಡುವಷ್ಟು ವ್ಯವಧಾನವನ್ನು ಹೊಗೆಯೇ ಕೊಡುತ್ತಿತ್ತು.

ಭಾವಮೈದ ಕಾನೂನು ತಿಳಿದವನು, ಅಥವಾ ಹಾಗೆಂದು ತಿಳಿದವನು. ನಾಲ್ಕಕ್ಕಿಂತ ಕಡಿಮೆ ಚಕ್ರದ ಗಾಡಿಗೆ 25 ಸಿಸಿ ಮೀರದ ಎಂಜಿನ್ನಿದ್ದರೆ 1988ರ ಕಾಯ್ದೆ ಅದನ್ನು ಮೋಟಾರು ವಾಹನವೆಂದೇ ಎಣಿಸುವುದಿಲ್ಲವಂತೆ. ಮೀರಿದರೆ ನಂಬರು, ಲೈಸೆನ್ಸು, ಎಲ್ಲ. "ಹತ್ತು ಸಿಸಿ ಜಾಸ್ತಿ ಆಯ್ತಲ್ಲ ಭಾವ" ಎಂದು ಗಲ್ಲ ಕೆರೆದುಕೊಂಡ. ನಾನು ಬಿಡಲಿಲ್ಲ. ನಿಮ್ಮೂರಿನ ಗುಂಜಾ ನರಸಿಂಹಸ್ವಾಮಿಯೇ ಬೆರಳಲ್ಲಿ ಗುಲಗಂಜಿ ಹಿಡಿದು, ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅನ್ನುತ್ತಿರುವಾಗ ನಮ್ಮದೂ ಒಂದು ಗುಲಗಂಜಿ ಹೆಚ್ಚಾಯಿತು ಅಷ್ಟೆ, ಎಂದೆ. ಪೊಲೀಸಿನವರಿಗೂ ಇದನ್ನೇ ಹೇಳುವುದೆಂದು ನಿಶ್ಚಯಿಸಿ, ಸೈಕಲ್ಲು, ಎಂಜಿನ್ನು, ಸ್ಪ್ರಾಕೆಟ್ಟು ಸಮೇತ ನಮ್ಮೂರ ಮೆಕ್ಯಾನಿಕ್ಕಿನ ಮುಂದೆ ನಿಂತೆ.

ಅವನು ನನ್ನ ಹಳೆಯ ವಿದ್ಯಾರ್ಥಿ. ಭಾಗಾಕಾರಕ್ಕೆ ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನು. ಸ್ಪ್ರಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮೇಷ್ಟ್ರೇ, ಇದು ಸೈಕಲ್‌ಗೇ ಅಂತ ಮಾಡಿರೋ ಎಂಜಿನ್ ಕಿಟ್ಟಿಂದು. ಅದ್ರೊಳ್ಗೇ ಗೇರು ಅದೆ. ನಿಮ್ ಕಳೆ ಮಿಷನ್ನು ಹಂಗಲ್ಲ, ಅದ್ರ ಸುತ್ತು ಹಂಗಂಗೇ ಆಚೆ ಬತ್ತದೆ."

ಸೀಮೆಸುಣ್ಣ ತೆಗೆದ. ಎಂಜಿನ್ನು ನಿಮಿಷಕ್ಕೆ 7000 ಸುತ್ತು. ಮುಂದೆ 10 ಹಲ್ಲು, ಹಿಂದೆ 44, ಅಂದರೆ 4.4ರಿಂದ ಭಾಗಿಸು. ಚಕ್ರ ಸುಮಾರು 1590 ಸುತ್ತು. ಸುತ್ತಿಗೆ 2.2 ಮೀಟರು. ನೆಲದ ಮೇಲೆ ಉತ್ತರ ಬಂತು: ಗಂಟೆಗೆ 210 ಕಿಲೋಮೀಟರು. ನಾನು ಎರಡು ಸಲ ತಾಳೆ ನೋಡಿದೆ. ಭಾಗಾಕಾರ ಸರಿಯಾಗಿತ್ತು.

"ಓಡಿದ್ರೆ ತಾನೆ! ಎಳೆಯಕ್ಕಾಗ್ದೆ ಕ್ಲಚ್ಚು ಸುಟ್ಟೋಯ್ತದೆ. ಇಪ್ಪತ್ರಲ್ಲಿ ಹೋಗ್ಬೇಕು ಅಂದ್ರೆ ನಲವತ್ತಾರು ಪಟ್ಟು ಇಳಿಸ್ಬೇಕು. ನಡುವೆ ಇನ್ನೆರಡು ಜೋಡಿ ಹಲ್ಲು, ಇನ್ನೆರಡು ಚೈನು. ಅದಿರ್ಲಿ ಮೇಷ್ಟ್ರೇ, ಬ್ರೇಕ್ ಎಲ್ಲದೆ ತೋರ್ಸಿ?"

ತೋರಿಸಿದೆ. ಕಂಬಿಯ ತುದಿಯಲ್ಲಿ ರಬ್ಬರಿದ್ದ ಗುರುತು ಮಾತ್ರ ಇತ್ತು. ಇಷ್ಟು ವರ್ಷ ನನ್ನನ್ನು ನಿಲ್ಲಿಸುತ್ತಿದ್ದುದು ನನ್ನ ಚಪ್ಪಲಿ ಎಂದು ಅಂದೇ ತಿಳಿದದ್ದು.

ಅವನು ಬ್ರೇಕಿಗೆ ಹೊಸ ರಬ್ಬರು ಹಾಕಿದ, ಹಬ್ಬು ಬಿಚ್ಚಿ ಗ್ರೀಸು ತುಂಬಿದ, ಸೀಟು ಎರಡು ಬೆರಳು ಏರಿಸಿದ. ಕಾಸು ಕೇಳಲಿಲ್ಲ, ಕಿವಿಯನ್ನೊಮ್ಮೆ ಮುಟ್ಟಿಕೊಂಡು ನಕ್ಕ. ಸೀಟು ಏರಿದ್ದಕ್ಕೋ ಏನೋ, ಮಂಡಿಯೂ ಈಗ ಅಷ್ಟು ಕೂಗುವುದಿಲ್ಲ. ಎಂಜಿನ್ನು ನರಸೀಪುರಕ್ಕೆ ವಾಪಸು ಹೋಗಿ ಕಳೆ ಕೊಚ್ಚುತ್ತಿದೆ.

44 ಹಲ್ಲು ನಮ್ಮ ಅಡುಗೆಮನೆಯಲ್ಲಿದೆ. ಒಲೆಯಿಂದ ಇಳಿಸಿದ ಸಾರಿನ ಪಾತ್ರೆ ಅದರ ಮೇಲೆ ಒಂದಿಷ್ಟೂ ಅಲುಗದೆ ಕೂರುತ್ತದೆ. ಅಳತೆ ಕರಾರುವಾಕ್ಕಾಗಿದೆ ಎಂದು ನನ್ನಾಕೆ ಬಂದವರಿಗೆಲ್ಲ ತೋರಿಸುತ್ತಾಳೆ.