ಬಾಪ್ಪಾನ ಸೊಂಡಿಲು ಯಾವ ಪರದೆಯಲ್ಲಿ?

ವರ್ಗಣಿಯಲ್ಲಿ ನಾಲ್ಕು ದುಡ್ಡು ಉಳಿದರೆ ಪುಣೆಯ ಗಣೇಶ ಮಂಡಳದವರು ಸುಮ್ಮನೆ ಕೂರುವ ಪೈಕಿಯಲ್ಲ. ಕಾತ್ರಜದ ನಮ್ಮ ಸೊಸೈಟಿಯೂ ಅದಕ್ಕೆ ಹೊರತಲ್ಲ. ಸಭಾಗೃಹದ ಗೋಡೆಗೆ ವಿಡಿಯೋ ವಾಲ್ ಬಂತು. 55 ಇಂಚಿನ 4 ಪರದೆ, ಮೇಲೆರಡು, ಕೆಳಗೆರಡು. ಬೆಂಗಳೂರು ಹೆದ್ದಾರಿ ಹಿಡಿದು ಬಂದು, ಘಾಟು ಇಳಿದೊಡನೆ ಕಂಡ ಮೊದಲ ಊರಲ್ಲೇ ಸಾಮಾನು ಇಳಿಸಿದ ಕನ್ನಡದವರು ಇಲ್ಲಿ ಐದಾರು ಮನೆ ಇದ್ದೇವೆ. ವರ್ಗಣಿ ನಾವೂ ಕೊಟ್ಟಿದ್ದರಿಂದ ಅಭಿಪ್ರಾಯವೂ ನಮಗಿತ್ತು.

ಪರದೆ ಕೂರಿಸಲು ಬಂದ ಹುಡುಗ ರಿಮೋಟ್ ಹಿಡಿದು, "ಕಾಕಾ, ಮೋಡ್ ಕುಠಲಾ ಠೇವೂ?" ಅಂದ. ಯಾವ ಮೋಡ್ ಇಡಲಿ ಎಂದು ಒಬ್ಬರನ್ನು ಕೇಳಿದ್ದರೆ ಮುಗಿಯುತ್ತಿತ್ತು. ಅವನು ಕಮಿಟಿಯನ್ನು ಕೇಳಿದ.

ನಾಲ್ಕೂ ಪರದೆಗೆ ಸೇರಿ ಒಂದೇ ಚಿತ್ರ ಎಂದು ಮೊದಲು ಠರಾವಾಯಿತು. ಲೆಕ್ಕವೂ ಚೊಕ್ಕ: ಒಂದೊಂದು ಪರದೆ 1920 ಗುಣಿಸು 1080, ನಾಲ್ಕು ಕೂಡಿದರೆ 3840 ಗುಣಿಸು 2160, ಅಂದರೆ ಸರಿಯಾಗಿ ಒಂದು ಫೋರ್‌ಕೆ ಚಿತ್ರ. ಆದರೆ ಎರಡಕ್ಕೆರಡು ಜೋಡಣೆಯಲ್ಲಿ ಒಂದು ಖೋಡಿ ಇದೆ. ಅಂಚುಗಳು ಕೂಡುವುದು ನಟ್ಟನಡುವೆ, ಜನ ಮುಖ ಇಡುವುದೂ ನಟ್ಟನಡುವೆ. ಆರತಿ ಶುರುವಾಗಿ ಕ್ಯಾಮೆರಾ ಗಣಪನ ಮೇಲೆ ನಿಂತಿತು. "ಅಹೋ, ಬಾಪ್ಪಾಚೀ ಸೋಂಡ!" ಎಂದು ಹೆಂಗಸರ ಸಾಲಿನಿಂದ ಕೂಗೆದ್ದಿತು. ಸೊಂಡಿಲು ನಾಲ್ಕು ಪರದೆಗೆ ಹಂಚಿಹೋಗಿತ್ತು. ಕ್ಯಾಮೆರಾ ತುಸು ಸರಿಸಿ ಬಾಪ್ಪಾನನ್ನು ಮೇಲಿನ ಎಡ ಪರದೆಗೆ ಕಳಿಸಿದರು. ಇಲಿಗೆ ಮಾತ್ರ ಕೆಳಗೆ ಒಂದು ಇಡೀ ಪರದೆ ಸಿಕ್ಕಿತು. ಆಮೇಲೆ ಅಧ್ಯಕ್ಷರ ಭಾಷಣ. ಕಪ್ಪು ಗೆರೆ ಅವರ ಮೂಗಿನ ಮೇಲೆ ಶಿಲುಬೆಯಾಗಿ ಬಿತ್ತು. ಅವರನ್ನು ಸರಿಸಿ ಎಂದು ಯಾರೂ ಹೇಳಲಿಲ್ಲ.

ಹುಡುಗನಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಎರಡು ಪರದೆ ಸೇರುವಲ್ಲಿ 3.5 ಮಿಲಿಮೀಟರ್ ಅಂಚು. ಅದರ ಹಿಂದೆಯೂ ಚಿತ್ರ ಇದೆ ಅಂತ ಹಿಡಿಯಬೇಕೋ, ಬೇಡವೋ? ಇದೆ ಅಂದರೆ ಓರೆಗೆರೆ ನೇರ ಸಾಗುತ್ತದೆ, ಬೌಂಡರಿಗೆ ಓಡುವ ಚೆಂಡು ಎಡವುವುದಿಲ್ಲ, ಆದರೆ ಅಂಚಿನಡಿಗೆ ಬಿದ್ದ ಐದಾರು ಪಿಕ್ಸೆಲ್ ನಾಪತ್ತೆ. ಇಲ್ಲ ಅಂದರೆ ಎಲ್ಲವೂ ಹಾಜರು, ಗೆರೆ ಮಾತ್ರ ಅಂಚು ದಾಟುವಾಗ ಮುರಿಯುತ್ತದೆ. ಕ್ರಿಕೆಟ್ ಪಕ್ಷದವರು ಗೆದ್ದರು. ಮರುದಿನ ದೇಣಗಿ ಪಟ್ಟಿ ಹಾಕಿದಾಗ ಒಬ್ಬರ 501.00 ರೂಪಾಯಿಯ ಚುಕ್ಕೆ ಅಂಚಿನಡಿ ಅಡಗಿ 50100 ಆಯಿತು. ಸಂಬಂಧಪಟ್ಟವರು ತಕರಾರು ಮಾಡಲಿಲ್ಲ.

ಎರಡನೆಯ ಮೋಡ್‌ನಲ್ಲಿ ನಾಲ್ಕೂ ಪರದೆಗೆ ಅದೇ ಚಿತ್ರ. ಈ ಊರಿಗೆ ಇದು ಹೊಸದಲ್ಲ. 18ನೇ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆ ಇದೇ ಕಾತ್ರಜದ ಕೆರೆಯ ನೀರನ್ನು ನೆಲದಡಿಯ ಕಾಲುವೆಯಲ್ಲಿ ಪುಣೆಗೆ ಒಯ್ದು, ಶನಿವಾರವಾಡೆಗೂ ಪೇಟೆಗಳ ಹೌದುಗಳಿಗೂ ಹಂಚಿದ. ಅರಮನೆಗೂ ಅದೇ ನೀರು, ಪೇಟೆಗೂ ಅದೇ ನೀರು. ನೀರಿಗೆ ಒಪ್ಪುವ ನ್ಯಾಯ ಅಧ್ಯಕ್ಷರಿಗೆ ಒಪ್ಪಲಿಲ್ಲ. ನಾಲ್ವರು ಅಧ್ಯಕ್ಷರು ಒಟ್ಟಿಗೆ ಬೆರಳೆತ್ತಿ ಬಾಕಿ ಮೇಂಟೆನನ್ಸ್ ಕೇಳತೊಡಗಿದಾಗ ಹಿಂದಿನ ಎರಡು ಸಾಲು ಖಾಲಿಯಾಯಿತು. ನನ್ನವಳು ಕಿವಿಯಲ್ಲಿ, "ಒಬ್ಬರನ್ನ ತಡಕೊಳ್ಳೂದ ಸಾಕಾಗೇತ್ರೀ" ಅಂದಳು.

ಉಳಿದದ್ದು, ಪರದೆಗೊಂದು ಬೇರೆ ಚಿತ್ರ. ನಾನು ಎದ್ದು ನನ್ನ ಜ್ಞಾನ ಬಿಚ್ಚಿದೆ. 1927ರಲ್ಲೇ ಫ್ರಾನ್ಸಿನ ಆಬೆಲ್ ಗಾನ್ಸ್ 'ನೆಪೋಲಿಯನ್' ಚಿತ್ರದ ಕೊನೆಗೆ ಮೂರು ಪರದೆ ಜೋಡಿಸಿ ಒಮ್ಮೆ ಒಂದೇ ದೃಶ್ಯ, ಒಮ್ಮೆ ಬೇರೆಬೇರೆ ದೃಶ್ಯ ತೋರಿಸಿದ್ದ. 1959ರಲ್ಲಿ ಮಾಸ್ಕೋದ ಅಮೆರಿಕನ್ ಪ್ರದರ್ಶನದಲ್ಲಿ ಈಮ್ಸ್ ದಂಪತಿ 7 ಪರದೆಗಳ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕಾಲು ಗಂಟೆಯೊಳಗೆ ಹರಿಬಿಟ್ಟಿದ್ದರು. ಕಾರ್ಯದರ್ಶಿಗಳು ಗಂಭೀರವಾಗಿ ಕೇಳಿಸಿಕೊಂಡು, "ಅವರಿಗೆ ಪಾರ್ಕಿಂಗ್ ಸಮಸ್ಯೆ ಇತ್ತಾ?" ಅಂದರು. ಅಷ್ಟರಲ್ಲಿ ಹುಡುಗ ಆರತಿ, ಕ್ರಿಕೆಟ್, ಧಾರಾವಾಹಿ ಹಾಕಿ, ನಾಲ್ಕನೆಯದಕ್ಕೆ ಏನೂ ಸಿಗದೆ ಪಾರ್ಕಿಂಗ್‌ನ ಸಿಸಿಟಿವಿ ಜೋಡಿಸಿಬಿಟ್ಟಿದ್ದ.

ಚಿತ್ರ ನಾಲ್ಕಾದರೂ ಸ್ಪೀಕರ್ ಒಂದೇ ಅಲ್ಲವೇ? ಯಾರ ಸದ್ದು ಬಿಡಬೇಕು ಎಂಬುದಕ್ಕೆ ಅರ್ಧ ಗಂಟೆ ಹೋಗಬೇಕಿತ್ತು, ಹೋಗಲಿಲ್ಲ. ಸದ್ದಿಲ್ಲದ ನಾಲ್ಕನೆಯ ಪರದೆಗೇ ಎಲ್ಲರ ಕಣ್ಣು ಅಂಟಿತ್ತು. ಬಿ ವಿಂಗ್‌ನ ಬಾಡಿಗೆಯವರ ಆಕ್ಟಿವಾ ಮತ್ತೆ ಯಾರದೋ ಜಾಗದಲ್ಲಿ. ಮೂರನೇ ಮಹಡಿಯ ಹುಡುಗಿಯನ್ನು ಬೈಕಿನಲ್ಲಿ ಇಳಿಸಿಹೋದವನು ಯಾರು? ಧಾರಾವಾಹಿಯ ನಾಯಕಿ ಪಕ್ಕದಲ್ಲೇ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಒಬ್ಬ ವೈನಿಯೂ ಅತ್ತ ತಿರುಗಲಿಲ್ಲ.

ಈ ವರ್ಷದ ಸಭೆಯಲ್ಲಿ ಇನ್ನೂ 5 ಪರದೆ ಕೊಂಡು ಮೂರಕ್ಕೆ ಮೂರು ಮಾಡುವ ಠರಾವು ಅವಿರೋಧ ಪಾಸಾಗಿದೆ. ಆಗ ನಡುವಿನ ಪರದೆ ಇಡಿಯಾಗಿ ಉಳಿಯುತ್ತದೆ, ಅಲ್ಲಿ ಯಾರ ಮೂಗೂ ಸೀಳುವುದಿಲ್ಲ. ಕಮಿಟಿಯಲ್ಲಿ ಇರುವವರೂ ಒಂಬತ್ತು ಮಂದಿಯೇ. ಪರದೆಗೊಬ್ಬರ ಶುಭಾಶಯದ ಫೋಟೋ ಹಾಕಲು ಅನುಕೂಲ. ನಡುವಿನದು ಅಧ್ಯಕ್ಷರಿಗೆ. ಖಜಾಂಚಿಗೆ ಕೆಳಗಿನ ಬಲಮೂಲೆ ಬಂದಿದೆ. ಚೆಕ್ಕಿಗೆ ಅವರ ಸಹಿ ಇನ್ನೂ ಬಿದ್ದಿಲ್ಲ.