ಎಲ್ಲಕ್ಕೂ ಆಗೋ ಕುದುರೆ

ಥಾಣೆ ಸೀಮೆಗೆ ಕುದುರೆ ಹೊರಗಿನಿಂದಲೇ ಬರಬೇಕು. ಇದು ಇಂದು ನಿನ್ನೆಯ ಮಾತಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಹೇಳಿದ ಪ್ರಕಾರ ಇಲ್ಲಿನ ದೊರೆಗೂ ಕಡಲ್ಗಳ್ಳರಿಗೂ ಒಂದು ಕರಾರು ಇತ್ತು. ಹಡಗು ದೋಚಿದಾಗ ಸಿಕ್ಕ ಕುದುರೆಗಳೆಲ್ಲ ದೊರೆಗೆ, ಉಳಿದ ಮಾಲೆಲ್ಲ ಕಳ್ಳರಿಗೆ. ದೊರೆಗೆ ಸ್ವಂತ ಕುದುರೆ ಇರಲಿಲ್ಲ, ಹಿಂದೂಸ್ಥಾನಕ್ಕೆ ಬರುವ ಹಡಗುಗಳಲ್ಲೋ ಕುದುರೆ ಇಲ್ಲದ ಹಡಗೇ ಇರಲಿಲ್ಲ. ಪುಕ್ಕಟೆ ಬಂದ ಮಾಲಿನ ಹಲ್ಲು ನೋಡುವ, ಗೊರಸು ಎತ್ತಿಸುವ ತಾಪತ್ರಯವನ್ನು ಆ ದೊರೆ ಪಟ್ಟಿರಲಾರ.

ಡೊಂಬಿವಲಿಯ ನಮ್ಮ ಆಚೆಮನೆ ರಾಯರಿಗೆ ಆ ಅನುಕೂಲ ಇಲ್ಲ. ಅವರು ರೊಕ್ಕ ಕೊಟ್ಟು ಕೊಳ್ಳಬೇಕು. ಅದೂ ಅಳಿಯನ ರೊಕ್ಕ.

ಎಂಐಡಿಸಿ ನಿವಾಸಿ ಭಾಗದಲ್ಲಿ ನಮ್ಮ ಎರಡು ಮನೆಗಳ ನಡುವೆ ಎದೆಮಟ್ಟದ ಕಾಂಪೌಂಡು. ರಾಯರು ವಿಜಯಪುರದ ಕಡೆಯವರು, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ನಾನು ಪಶುವೈದ್ಯ ಖಾತೆಯಲ್ಲಿದ್ದವ. ನನ್ನ ಹೊಟ್ಟೆ ಹೊರೆದದ್ದು ಕಲ್ಯಾಣದ ತಬೇಲಾ ಎಮ್ಮೆಗಳು. ಕುದುರೆಯ ವಿದ್ಯೆ ಏನಾದರೂ ಬಂದಿದ್ದರೆ ಅದು ಸ್ಟೇಷನ್ನಿನ ಟಾಂಗಾದವರ ಕೃಪೆ. ರಾಯರು ಮಾತ್ರ ನನ್ನನ್ನು ಎಲ್ಲ ಪ್ರಾಣಿಗಳಿಗೂ ಡಾಕ್ಟರು ಎಂದೇ ತಿಳಿದಿದ್ದಾರೆ. ಅವರ ಅಕ್ವೇರಿಯಮ್ಮಿನ ಮೀನಿಗೂ ನಾನೇ ಔಷಧ ಹೇಳಬೇಕು.

ಅಳಿಯ ನವಿ ಮುಂಬಯಿಯಲ್ಲಿ ಕಂಪ್ಯೂಟರ್ ಕಂಪನಿಯವನು. ಕಲ್ಯಾಣ ದಾಟಿ ಮುರಬಾಡದ ಕಡೆ ಜಾಗ ತೆಗೆದುಕೊಂಡಿದ್ದಾನೆ. ಬಾವಿ ಆಯಿತು, ಮಾವಿನ ಸಸಿ ಆಯಿತು, ಈಗ ಕುದುರೆ. ಮಗ ಸವಾರಿ ಕಲಿಯಬೇಕು, ತಾನೂ ಹತ್ತಬೇಕು, ಶನಿವಾರ ರವಿವಾರ ಬರುವ ಗೆಳೆಯರ ಮಕ್ಕಳಿಗೆ ಒಂದೊಂದು ಸುತ್ತು ಹಾಕಿಸಬೇಕು, ಮದುವೆ ಸೀಸನ್ನಿನಲ್ಲಿ ವರನ ಮೆರವಣಿಗೆಗೆ ಬಿಟ್ಟು ಹುಲ್ಲಿನ ಖರ್ಚು ಹುಟ್ಟಿಸಬೇಕು.

"ಎಳೀ ಕುದರಿ ತಗೊಂಡ್ರ ಛಲೋ ಅಲ್ರೀ ಡಾಕ್ಟರ? ನಮ್ಮ ಕೈಯಾಗ ಬೆಳೀತದ, ನಾವು ಹೇಳಿದ್ಹಾಂಗ ಕೇಳ್ತದ."

"ನಿಮ್ಮ ಮೊಮ್ಮಗನೂ ನಿಮ್ಮ ಕೈಯಲ್ಲೇ ಬೆಳೆದನಲ್ಲ ರಾಯರೇ," ಅಂದೆ. ರಾಯರು ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಮೊಬೈಲು ಚಾಚಿದರು.

ಸಾರಂಗಖೇಡದ ಕಡೆಯ ದಲಾಲಿಯೊಬ್ಬ ಕಳಿಸಿದ ವಿಡಿಯೋ. ನಂದುರಬಾರ ಜಿಲ್ಲೆಯಲ್ಲಿ ತಾಪಿ ನದಿಯ ದಂಡೆಗೆ ದತ್ತ ಜಯಂತಿಗೆ ಕೂಡುವ ಕುದುರೆ ಸಂತೆ ಅದು. ಮಾರವಾಡಿ, ಕಾಠಿಯಾವಾಡಿ, ಪಂಜಾಬಿನ ಬಿಳಿ ನುಕ್ರಾ ಎಲ್ಲ ಬಂದು ನಿಲ್ಲುತ್ತವೆ. ವಿಡಿಯೋದಲ್ಲಿ ಹಾಲಿನಂಥ ಬಿಳಿ ಮರಿಗುದುರೆ, ಕಾಲಿಗೆ ಗೆಜ್ಜೆ, ಹಿಂದೆ ಹಲಗಿಯ ಸದ್ದು. ಎರಡೂವರೆ ವರ್ಷದ್ದಂತೆ. ಕುಣಿಯಿತು, ಮಂಚದ ಮೇಲೆ ಹತ್ತಿತು, ಕೊನೆಗೆ ಹಿಂಗಾಲ ಮೇಲೆ ನೆಟ್ಟಗೆ ಎದ್ದು ನಿಂತಿತು. ರಾಯರ ಮುಖದಲ್ಲಿ ತಮ್ಮ ಮದುವೆಯ ಮೆರವಣಿಗೆಯೇ ಹಾದುಹೋದಂತಿತ್ತು.

ನಾನು ದನಿ ಆರಿಸಿ ಇನ್ನೊಮ್ಮೆ ನೋಡಿದೆ. ಕುದುರೆ ವಿಡಿಯೋ ನೋಡುವಾಗ ಮೊದಲು ವಾದ್ಯ ಬಂದ್ ಮಾಡಬೇಕು. ಆಗ ತಿಳಿಯುವುದು ಇಷ್ಟೇ: ಮರಳಿನ ಮೇಲೆ ಕುಣಿಸಿದ್ದಾರೆ, ಗಟ್ಟಿ ನೆಲದ ಮೇಲೆ ನೇರ ಓಡಿಸಿಲ್ಲ. ಕುಂಟು ಇರುವ ಕುದುರೆ ಮೆತ್ತನೆ ಮರಳಿನಲ್ಲಿ ಸಂಭಾವಿತನ ಹಾಗೆ ನಡೆಯುತ್ತದೆ. ಡಾಂಬರಿನ ಮೇಲೆ ಲಗಾಮು ಸಡಿಲ ಬಿಟ್ಟು ಸಣ್ಣ ಓಟ, ಇಲ್ಲಿಯವರು ದುಡಕಿ ಅನ್ನುತ್ತಾರಲ್ಲ, ಅದನ್ನು ಓಡಿಸಿದರೆ ಗುಟ್ಟು ರಟ್ಟು. ನೋವಿನ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಮುಟ್ಟಿದಾಗ ತಗ್ಗುತ್ತದೆ. ಲಗಾಮು ಬಿಗಿ ಹಿಡಿದವನು ಆ ತಲೆಯಾಟವನ್ನೇ ಮುಚ್ಚುತ್ತಿರುತ್ತಾನೆ.

ಅದಕ್ಕಿಂತ ದೊಡ್ಡ ಮಾತು ಆ ಎದ್ದು ನಿಂತದ್ದು. ಮೆರವಣಿಗೆಯಲ್ಲಿ ಅದಕ್ಕೆ ಸಿಳ್ಳೆ ಬೀಳುತ್ತದೆ, ಬಾಡಿಗೆ ಏರುತ್ತದೆ. ಅದೇ ಪಾಠ ಕಲಿತ ಕುದುರೆಯ ಮೇಲೆ ಹದಿನಾಲ್ಕರ ಹುಡುಗ ಕೂತು, ಹೆದರಿ ಲಗಾಮು ಜಗ್ಗಿದ ಅನ್ನಿ. ಕುದುರೆಗೆ ತಿಳಿದ ಅರ್ಥ ಒಂದೇ, ಏಳು ಅಂತ. ಅದು ಏಳುತ್ತದೆ, ಹುಡುಗ ಹಿಂದೆ ಬೀಳುತ್ತಾನೆ, ಕೆಲವೊಮ್ಮೆ ಕುದುರೆಯೂ ಅವನ ಮೇಲೆಯೇ ಬೀಳುತ್ತದೆ. ಎಲ್ಲಕ್ಕೂ ಆಗೋ ಕುದುರೆ ಬೇಕು ಅನ್ನುವವರ ತೊಡಕು ಇದು. ಒಂದು ಕೆಲಸಕ್ಕೆ ರೊಕ್ಕ ತರುವ ಗುಣವೇ ಇನ್ನೊಂದು ಕೆಲಸದಲ್ಲಿ ಕೈಕಾಲು ಮುರಿಯುತ್ತದೆ.

"ಬಣ್ಣ ನೋಡ್ರಿ ಬಣ್ಣ," ಅಂದರು ರಾಯರು.

ಬಣ್ಣ ನೋಡಿದೆ. ಸಾಮಾನ್ಯವಾಗಿ ಬಿಳಿ ಕಾಣುವ ಕುದುರೆ ಹುಟ್ಟುವಾಗ ಕಪ್ಪೋ ಕಂದೋ ಇದ್ದು, ವರ್ಷ ಕಳೆದಂತೆ ನಮ್ಮ ಹಾಗೆ ನರೆತು ಬೆಳ್ಳಗಾಗುವಂಥದ್ದು. ಅದರ ಚರ್ಮ ಕಪ್ಪು. ಹುಟ್ಟಿನಿಂದಲೇ ಬಿಳಿ ಇರುವ ನುಕ್ರಾದ ಚರ್ಮ ಗುಲಾಬಿ. ಮೂತಿ, ಕಣ್ಣಿನ ಸುತ್ತ ಬಿಸಿಲಿಗೆ ಸುಡುತ್ತದೆ. ಮುರಬಾಡದ ಏಪ್ರಿಲ್ ಬಿಸಿಲಿಗೆ ಅದಕ್ಕೆ ನೆರಳೂ ಬೇಕು, ಮುಲಾಮೂ ಬೇಕು.

ರಾಯರು ಬಣ್ಣ ಬಿಟ್ಟು ಸುಳಿಗೆ ಬಂದರು. ಗಂಟಲ ಕೆಳಗೆ ದೇವಮಣಿ ಸುಳಿ ಇದೆಯಂತೆ. ಅದರ ಬೆಲೆಯೇ ಬೇರೆಯಂತೆ. ನಾಲ್ಕು ಕಾಲೂ ಮುಖವೂ ಬಿಳಿಯಿರುವ ಪಂಚಕಲ್ಯಾಣಿ ಸಿಕ್ಕರೂ ಆದೀತಂತೆ, ಹೇಗೂ ಕಲ್ಯಾಣದ ಮೇಲೆಯೇ ಹಾದುಹೋಗಬೇಕಲ್ಲ! ಸುಳಿಶಾಸ್ತ್ರವನ್ನು ನಾನು ಹೀಗಳೆಯುವುದಿಲ್ಲ. ಚಾಲುಕ್ಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಕುದುರೆಯ ಲಕ್ಷಣ, ಸವಾರಿ, ಕುದುರೆ ಏರಿ ಆಡುವ ಚೆಂಡಾಟ ಎಲ್ಲವನ್ನೂ ಕೂರಿಸಿದ್ದಾನೆ. ಆದರೆ ಸಂತೆಯಲ್ಲಿ ಸುಳಿಗೆ ಕೊಡುವ ರೊಕ್ಕ ಕುದುರೆಯ ಕಾಲಿಗೆ ಹೋಗುವುದಿಲ್ಲ, ಮಾರುವವನ ಕಿಸೆಗೆ ಹೋಗುತ್ತದೆ. ನಮ್ಮಂಥವರಿಗೆ ಬೇಕಾದದ್ದು ಸುಳಿ ಕೆಟ್ಟದ್ದೆಂದು ಯಾರೂ ಮುಟ್ಟದೆ ಮೂಲೆಯಲ್ಲಿ ಕಟ್ಟಿಹಾಕಿದ, ಗೊರಸು ಗಟ್ಟಿಯಿರುವ ಕಂದು ಕುದುರೆ. ಅರ್ಧ ಬೆಲೆಗೆ ಸಿಗುತ್ತದೆ.

"ಕೆಟ್ಟ ಸುಳಿದು ಮನಿಗೆ ತಂದ್ರ ನಿಮ್ಮ ವೈನಿ ನನ್ನನ್ನ ಹೊರಗ ಕಟ್ತಾಳ."

ವೈನಿ ಅಷ್ಟರಲ್ಲಿ ಕರಿಬೇವು ಕೀಳಲು ಬಂದವರು ಅಲ್ಲೇ ನಿಂತರು. ಮಾತಿಗೆ ಸೇರಲಿಲ್ಲ, ಕಿವಿ ಮಾತ್ರ ಇತ್ತ.

ಹಲ್ಲಿನ ಪ್ರಕರಣದಲ್ಲಿ ರಾಯರಿಗೆ ಸ್ವಲ್ಪ ಗತಿ ಇದೆ. ಸಣ್ಣವರಿದ್ದಾಗ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಅಪ್ಪನ ಜೊತೆ ಹೋರಿ ನೋಡಿದವರು. ಎರಡ್ಹಲ್ಲಿಂದು, ನಾಲ್ಕ್ಹಲ್ಲಿಂದು, ಬಾಯ್ಗೂಡಿದ್ದು ಎಂಬುದು ಗೊತ್ತು. ಎತ್ತಿಗೆ ಮೇಲೆ ಮುಂಹಲ್ಲಿಲ್ಲ, ಕುದುರೆಗೆ ಮೇಲೆ ಕೆಳಗೆ ಎರಡೂ ಕಡೆ ಇವೆ. ನಡುವಿನ ಜೋಡಿ ಎರಡೂವರೆ ವರ್ಷಕ್ಕೆ ಬಿದ್ದು ಹೊಸದು ಬರುತ್ತದೆ, ಪಕ್ಕದ್ದು ಮೂರೂವರೆಗೆ, ಮೂಲೆಯದು ನಾಲ್ಕೂವರೆಗೆ. ಐದಕ್ಕೆ ಬಾಯಿ ಕೂಡುತ್ತದೆ. ಹಾಲುಹಲ್ಲು ಸಣ್ಣದು, ಬೆಳ್ಳಗಿರುತ್ತದೆ, ಬುಡದಲ್ಲಿ ಕತ್ತು ಹಿಸುಕಿದಂತೆ ಕಾಣುತ್ತದೆ. ಎರಡರ ಮರಿಯನ್ನು ಮೂರರದ್ದೆಂದು ಮಾರಲು ಹಾಲುಹಲ್ಲು ಕಿತ್ತುಬಿಡುವ ಜಾಣರೂ ಉಂಟು. ಬಾಯಿ ತೆರೆಸಿದಾಗ ತುಟಿಯ ಮೂಲೆಯನ್ನೂ ನೋಡಿ ಅಂದೆ. ಅಲ್ಲಿ ಹಳೆಯ ಗಾಯದ ಗೆರೆ ಇದ್ದರೆ ಮುಳ್ಳಿನ ಕಡಿವಾಣ ಹಾಕಿ ಪಳಗಿಸಿದ್ದಾರೆ. ಭಾರ ಹೊರುವ, ಎಳೆಯುವ ಪ್ರಾಣಿಗಳಿಗೆ ಅಂಥ ಕಡಿವಾಣ ಹಾಕಬಾರದು ಅಂತ 1965ರ ನಿಯಮಗಳಲ್ಲೇ ಇದೆ, ಹಾಕುವವರು ಈಗಲೂ ಹಾಕುತ್ತಾರೆ.

ಹಲ್ಲಿನ ಲೆಕ್ಕ ಬರೇ ಬೆಲೆಗಲ್ಲ. ಮೊಣಕಾಲಿನ ಮೇಲಿನ ಎಲುಬು ಕೂಡಿಕೊಳ್ಳುವುದೇ ಸುಮಾರು ಎರಡೂವರೆ ವರ್ಷಕ್ಕೆ; ಬೆನ್ನುಮೂಳೆ ಪೂರ್ತಿ ಬಲಿಯಲು ಐದು ದಾಟಬೇಕು. ವಿಡಿಯೋದ ಕೂಸಿನ ಬೆನ್ನ ಮೇಲೆ ವರನನ್ನು ಕೂರಿಸಿ, ಡೊಂಬಿವಲಿಯ ಗುಂಡಿ ರಸ್ತೆಯಲ್ಲಿ ಎರಡು ತಾಸು ನಿಲ್ಲಿಸಿದರೆ ಆರನೆಯ ವರ್ಷಕ್ಕೆ ಅದು ಮುದುಕ.

"ಹಂಗಾದ್ರ ನಮ್ಮ ವಿಜಯನಗರದವರು ಹ್ಯಾಂಗ ತಗೋತಿದ್ರೋ!"

ಇದಕ್ಕೆ ಕಾದಿದ್ದೆ. ಕುದುರೆ ವ್ಯಾಪಾರದ ಪೋರ್ಚುಗೀಸ ನೂನಿಜ್ ಬರೆದಿಟ್ಟಿದ್ದಾನೆ: ಸಾಳುವ ನರಸಿಂಹ ಕುದುರೆಗಳನ್ನು ಸತ್ತಿರಲಿ ಬದುಕಿರಲಿ ಸಾವಿರ ಪರ್ದಾವು ನಾಣ್ಯಕ್ಕೆ ಮೂರರಂತೆ ಕೊಳ್ಳುತ್ತಿದ್ದನಂತೆ, ಸಮುದ್ರದಲ್ಲೇ ಸತ್ತದ್ದಕ್ಕೆ ಬರೇ ಬಾಲ ತಂದು ತೋರಿಸಿದರೂ ಪೂರಾ ಹಣ. ರಾಯರು ಬಾಯಿಗೆ ಕೈಯಿಟ್ಟರು. ಆ ಅರಸನಿಗೆ ಕುದುರೆ ತನ್ನ ವೈರಿಯ ಕೈಗೆ ಹೋಗದಿದ್ದರೆ ಸಾಕಾಗಿತ್ತು ಅನ್ನಿಸುತ್ತದೆ ನನಗೆ. ನಮ್ಮ ಅಳಿಯನಿಗೆ ಅಂಥ ವೈರಿಗಳಿಲ್ಲ, ಬ್ಯಾಂಕಿನ ಕಂತು ಮಾತ್ರ.

ಇನ್ನು ಗೊರಸು. ಥಾಣೆ ಜಿಲ್ಲೆಯಲ್ಲಿ ಕುದುರೆ ಕೊಳ್ಳುವವನು ಮುಖ ನೋಡುವ ಮೊದಲು ಗೊರಸು ನೋಡಬೇಕು. ನಾಲ್ಕು ತಿಂಗಳ ಮಳೆ, ಕೆಸರು, ಒದ್ದೆ ಲಾಯ. ಗೊರಸಿನ ಅಡಿಯ ಮೆತ್ತಗಿನ ತ್ರಿಕೋಣ ಕೊಳೆತು ಕಪ್ಪು ಕೀವು ಬರುತ್ತದೆ. ಕಾಲು ಎತ್ತಿಸಿದ ಕೂಡಲೆ ಮೂಗಿಗೇ ಗೊತ್ತಾಗುತ್ತದೆ. ಕೈಯಿಟ್ಟು ನೋಡಿ, ಒಂದು ಗೊರಸು ಉಳಿದ ಮೂರಕ್ಕಿಂತ ಬಿಸಿಯಿದ್ದರೆ ಬಿಟ್ಟು ಬನ್ನಿ. ಎಡ ಬಲ ಗೊರಸು ಒಂದೇ ಅಳತೆಯಿರಬೇಕು. ಒಂದು ಕಿರಿದಾಗಿ ಎತ್ತರವಾಗಿದ್ದರೆ ಅದು ಆ ಕಾಲಿನ ಮೇಲೆ ಭಾರ ಹಾಕುತ್ತಿಲ್ಲ. ಬಿಳಿ ಗೊರಸು ಮೆತ್ತಗೆ, ಕರಿ ಗೊರಸು ಗಟ್ಟಿ ಎಂಬುದು ಸುಳ್ಳು. ಮತ್ತು ಕಾಲು ಎತ್ತಲು ಮಾರುವವನನ್ನಲ್ಲ, ಹೊಸಬರನ್ನು ಕಳಿಸಿ. ಮೂರು ವರ್ಷದ ಕುದುರೆ ಗುರುತಿಲ್ಲದವರಿಗೆ ಕಾಲು ಕೊಟ್ಟರೆ ಅದಕ್ಕೆ ಯಾರೋ ಒಳ್ಳೆಯವರು ಕೈಯಾಡಿಸಿದ್ದಾರೆ. ಇದೊಂದು ಪರೀಕ್ಷೆಗೆ ನಾನು ನೂರಕ್ಕೆ ಐವತ್ತು ಅಂಕ ಇಡುತ್ತೇನೆ.

ಉಳಿದ ಐವತ್ತು ಸುಮ್ಮನೆ ನಿಲ್ಲುವುದಕ್ಕೆ. ನಂಬಿಕೆ ಇಲ್ಲದಿದ್ದರೆ ಒಂದು ರವಿವಾರ ಕರ್ಜತ್ ಲೋಕಲ್ ಹಿಡಿದು ನೇರಳಕ್ಕೆ ಇಳಿದು ಮಾಥೇರಾನಿನ ದಸ್ತೂರಿಗೆ ಹೋಗಿ. 1850ರಲ್ಲಿ ಆ ಗುಡ್ಡವನ್ನು ಹುಡುಕಿದವ ಥಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್. ಮೋಟಾರು ಇಂದಿಗೂ ದಸ್ತೂರಿಯಲ್ಲೇ ನಿಲ್ಲಬೇಕು, ಮುಂದೆ ಕುದುರೆಯೋ ಕಾಲೋ ಪುಟಾಣಿ ರೈಲೋ ಇ-ರಿಕ್ಷಾವೋ. ಅಲ್ಲಿ ಮಂಗ ಚೀಲ ಕಸಿಯುತ್ತದೆ, ಮಕ್ಕಳು ಕಿರುಚುತ್ತಾರೆ, ಕುರ್‌ಕುರೆ ಪೊಟ್ಟಣ ಹಾರಿ ಬಂದು ಮೂತಿಗೆ ಬಡಿಯುತ್ತದೆ. ಕುದುರೆ ಒಂದು ಹಿಂಗಾಲು ಸಡಿಲ ಬಿಟ್ಟು ಅರ್ಧ ನಿದ್ದೆಯಲ್ಲಿರುತ್ತದೆ. ಹಿಂಗಾಲು ಸಡಿಲ ಬಿಟ್ಟರೆ ಆರಾಮ, ಮುಂಗಾಲು ಮುಂದೆ ಚಾಚಿ ನಿಂತರೆ ನೋವು. ಅಳಿಯನಿಗೆ ಬೇಕಾದ ಕುದುರೆ ಇದು. ಆದರೆ ಇದು ಎಳೆಯದಲ್ಲ. ಈ ಬುದ್ಧಿ ಬರಲು ಅದಕ್ಕೆ ವರ್ಷಗಟ್ಟಲೆ ಪ್ರವಾಸಿಗರನ್ನು ಸಹಿಸಬೇಕಾಯಿತು.

ಮಾರುವವರ ಮನೆಗೆ ಹೇಳಿದ ಹೊತ್ತಿಗಿಂತ ಒಂದು ತಾಸು ಮೊದಲೇ ಹೋಗಬೇಕು ಎಂದೂ ಹೇಳಿದೆ. ನೀವು ಹೋಗುವಷ್ಟರಲ್ಲಿ ಜೀನು ಬಿಗಿದು, ಬೆವರಿಳಿಸಿ ತಯಾರಿಟ್ಟಿದ್ದರೆ ಅದರ ಉರಿಯನ್ನು ಬೆಳಿಗ್ಗೆಯೇ ಓಡಿಸಿ ಇಳಿಸಿದ್ದಾರೆ. ಲಾಯದ ಅಡ್ಡಮರ ಕಚ್ಚಿದ ಗುರುತು ಇದೆಯೇ ನೋಡಬೇಕು. ಮರ ಕಚ್ಚಿ ಗಾಳಿ ನುಂಗುವ ಚಟ ಸುಲಭಕ್ಕೆ ಬಿಡುವಂಥದ್ದಲ್ಲ. ಟೆಂಪೋ ಹತ್ತಿಸಿ ನೋಡಬೇಕು. ಹತ್ತದ ಕುದುರೆಯನ್ನು ಸಾರಂಗಖೇಡದಿಂದ ಮುರಬಾಡಕ್ಕೆ ನಡೆಸಿಕೊಂಡು ಬರಬೇಕಾದೀತು. ರೊಕ್ಕ ಕೈ ಬದಲಾಗುವ ಮೊದಲು ರಕ್ತದ ಪರೀಕ್ಷೆ ಆಗಲೇಬೇಕು. ಗ್ಲ್ಯಾಂಡರ್ಸ್ ಮನುಷ್ಯರಿಗೂ ಹತ್ತುವ ರೋಗ; 2009ರ ಪ್ರಾಣಿರೋಗ ತಡೆ ಕಾಯ್ದೆಯ ಕೆಳಗೆ ಬರುತ್ತದೆ. ಬಂದದ್ದು ಖಾತ್ರಿಯಾದರೆ ಆ ಕುದುರೆಯನ್ನು ಉಳಿಸುವುದಿಲ್ಲ.

"ಗಂಡೋ ಹೆಣ್ಣೋ?"

"ಬೀಜ ತೆಗೆಸಿದ ಗಂಡು. ಮನೆ ಮಕ್ಕಳಿಗೆ ಅದೇ ಸೈ."

ರಾಯರು ವೈನಿಯ ಕಡೆ ನೋಡಿ ಕೆಮ್ಮಿದರು.

ಕೊನೆಗೆ ಟೇಪು. ವೈನಿಯ ಹೊಲಿಗೆ ಪೆಟ್ಟಿಗೆಯ ಟೇಪು ಒಯ್ದರೆ ಸಾಕು. ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 160, ಉದ್ದ 150 ಇದ್ದರೆ ಸುಮಾರು 323 ಕಿಲೋ. ಜೀನು ಸೇರಿ ಅದರ ಐದನೆಯ ಒಂದು ಪಾಲಿಗಿಂತ ಹೆಚ್ಚು ಹೊರಿಸಬಾರದು. ಅಂದರೆ 64 ಕಿಲೋ.

ರಾಯರು ರೈಲ್ವೆಯವರು, ಲೆಕ್ಕ ಬಾಯಲ್ಲೇ ಆಯಿತು. ಮುಖ ಇಳಿಯಿತು. "ಅಳಿಯಂದು ತೊಂಬತ್ತೆರಡು ಅದರೀ."

"ಜೀನು ಸೇರಿ ನೂರು. ಐನೂರು ಕಿಲೋ ಕುದುರೆ ಬೇಕು. ಅಂಥದ್ದು ಬೇಕಾದರೆ ರೇಸಿನಿಂದ ನಿವೃತ್ತಿಯಾದದ್ದನ್ನು ಹುಡುಕಬೇಕು. ಅದು ಹಲಗಿ ಸದ್ದಿಗೆ ಮುರಬಾಡದಿಂದ ಮಹಾಲಕ್ಷ್ಮಿಗೇ ವಾಪಸು ಓಡುತ್ತದೆ."

ಆಗ ವೈನಿ ಬಾಯಿ ಬಿಟ್ಟರು. "ಸೋಮವಾರದಿಂದ ಶುಕ್ರವಾರ ಯಾರು ಇರ್ತಾರ ಅದರ ಕೂಡ?"

ಗೋಡೆಯ ಎರಡೂ ಕಡೆ ಉತ್ತರ ಇರಲಿಲ್ಲ. ದಿನಕ್ಕೆ ಆರೇಳು ಕಿಲೋ ಒಣಹುಲ್ಲು, ಬೇಸಿಗೆಯಲ್ಲಿ ಎರಡು ಮೂರು ಕೊಡ ನೀರು, ಹದಿನೈದು ಕಿಲೋ ಲದ್ದಿ, ಒಂದೂವರೆ ತಿಂಗಳಿಗೊಮ್ಮೆ ಗೊರಸು ಕೆತ್ತಿ ಲಾಳ ಕಟ್ಟುವ ನಾಲಬಂದ. ಇವೆಲ್ಲ ವಾರದ ದಿನವೂ ನಡೆಯುವ ವ್ಯವಹಾರ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಮಂಗಳವಾರ ರಾತ್ರಿ ಹೊಟ್ಟೆಶೂಲೆ ಎದ್ದರೆ ರವಿವಾರ ಬರುವ ಮಾಲಕನಿಗೆ ಕಾಯುವುದಿಲ್ಲ.

"ಲದ್ದಿ ಗುಲಾಬಿಗೆ ಬರ್ತದ," ಅಂದರು ರಾಯರು, ಸೋಲೊಪ್ಪದ ದನಿಯಲ್ಲಿ. ಆಮೇಲೆ ತಾವೇ ಮೆತ್ತಗಾದರು. ಮೊಮ್ಮಗನನ್ನು ಮೊದಲು ಸವಾರಿ ಕಲಿಸುವಲ್ಲಿ ಹಾಕೋಣ, ಒಂದು ಮಳೆಗಾಲ ಕಳೆಯಲಿ, ಹುಡುಗನಿಗೆ ಲದ್ದಿ ಎತ್ತಿದ ಮೇಲೂ ಆಸೆ ಉಳಿದರೆ ಏಳೆಂಟು ವರ್ಷದ, ಪಳಗಿದ, ಕೆಟ್ಟ ಸುಳಿಯಿಲ್ಲದ ಕಂದು ಕುದುರೆ ನೋಡೋಣ ಎಂಬಲ್ಲಿಗೆ ಬಂದರು. ಮದುವೆ ಬಾಡಿಗೆ ರದ್ದು. ಒಂದೇ ವಿಷಯ ಉಳಿಯಿತು.

"ಅಳಿಯಗ ತೂಕದ ಮಾತು ಯಾರು ಹೇಳಬೇಕ್ರೀ? ಮಾವ ಆಗಿ ನಾ ಹೇಳಿದ್ರ ಛಲೋ ಕಾಣಂಗಿಲ್ಲ. ರವಿವಾರ ಬರ್ತಾರ, ನೀವ ಹೇಳ್ರಿ."

"ಊಟಕ್ಕೆ ಮೊದಲೋ, ಆಮೇಲೋ?"

"ಹೋಳಿಗಿ ಮಾಡಾಕತ್ತೀನಿ," ಅಂದರು ವೈನಿ. "ಆಮ್ಯಾಲ ಹೇಳ್ರಿ."